ಉಸ್ತಾದರ ತೂಕದಲ್ಲಿ ಕೆಂಪೆಷ್ಟು

ಹಾಸಿಗೆ ಒಮ್ಮೆ ಗುಂಯ್‌ಗುಟ್ಟಿ ಸುಮ್ಮನಾಯಿತು. ಅದರ ಮೇಲೆ ಮಲಗಿದ್ದ ಫಕ್ಕೀರಪ್ಪ ಕಡಕೋಳರಿಗೆ ಏನೂ ತಿಳಿಯಲಿಲ್ಲ. ಎದುರಿನ ಗೋಡೆಯ ಮೇಲೆ ಮಾತ್ರ ಅವರ ಮೈ ನಾಲ್ಕು ಬಣ್ಣದ ಪಟ್ಟಿಗಳಾಗಿ ಮೂಡಿತು. ಮೂಳೆ ಬಿಳಿ, ಸ್ನಾಯು ಕೆಂಪು, ಕೊಬ್ಬು ಹಳದಿ, ಊತದ ನೀರು ನೀಲಿ.

ಇದಕ್ಕೆ ಪದರತಕ್ಕಡಿ ಎಂದು ಹೆಸರು. ಧಾರವಾಡದ ಪ್ರಯೋಗಾಲಯದಲ್ಲಿ ಡಾ. ವಿಭಾ ಹಂಚಿನಾಳ ತಮ್ಮ ಹರೆಯವನ್ನೆಲ್ಲ ಸವೆಸಿ ಮಾಡಿದ ಹಾಸಿಗೆ. ಕಿವಿಗೆ ಕೇಳದಷ್ಟು ಸಣ್ಣ ಕಂಪನವನ್ನು ಅದು ಮೈಯೊಳಗೆ ಕಳಿಸುತ್ತದೆ. ಅದಕ್ಕೆ ಸ್ನಾಯು ಕೊಡುವ ಮಾರ್ದನಿಯೇ ಬೇರೆ, ಕೊಬ್ಬು ಕೊಡುವುದೇ ಬೇರೆ, ನೀರಿನದು ಮತ್ತೂ ಬೇರೆ. ಆ ದನಿಗಳನ್ನು ಬಿಡಿಸಿ, ಯಾವುದು ಎಷ್ಟು ತೂಗುತ್ತದೆ ಎಂದು ಲೆಕ್ಕ ಹಾಕಿ ತೋರಿಸುತ್ತದೆ.

ಹುಬ್ಬಳ್ಳಿಯ ಈ ಹೃದಯ ಆಸ್ಪತ್ರೆ ಹಾಸಿಗೆಯನ್ನು ಕೊಂಡು ವರ್ಷವಾಗಿತ್ತು. ಆದರೆ ಒಂದು ಷರತ್ತು ಹಾಕಿತ್ತು. ನಾಲ್ಕು ಬಣ್ಣ ನೋಡುತ್ತ ಕೂರಲು ಇಲ್ಲಿ ಯಾರಿಗೂ ಪುರಸೊತ್ತಿಲ್ಲ; ಎಲ್ಲ ಕೂಡಿಸಿ ಒಂದೇ ಅಂಕಿ ಕೊಡಿ. ವಿಭಾ ಗೊಣಗಿದರು, ಕಡೆಗೆ ಒಪ್ಪಿದರು. ಹೀಗೆ ಜಗತ್ತಿನಲ್ಲೇ ಅತಿ ಜಾಣ ತಕ್ಕಡಿಯೊಂದು ರೈಲ್ವೆ ನಿಲ್ದಾಣದ ಹಳೆಯ ತಕ್ಕಡಿಯ ಕೆಲಸಕ್ಕೆ ಸೇರಿಕೊಂಡಿತು. ಕಾಡಿ ಬೇಡಿ, ಬಣ್ಣದ ಗೋಡೆಯನ್ನು ಅವರು ತೆರೆಸಿದ್ದು ಇವತ್ತೇ ಮೊದಲು.

ಅದಕ್ಕೆ ಫಕ್ಕೀರಪ್ಪನವರನ್ನು ಆರಿಸಿದ್ದಕ್ಕೂ ಕಾರಣವಿತ್ತು. ಅವರು ಗರಡಿಮನೆಯ ಉಸ್ತಾದರು. ಎರಡು ತಲೆಮಾರಿನ ಪೈಲ್ವಾನರಿಗೆ ಪಟ್ಟು ಕಲಿಸಿದವರು. ಹೃದಯದ ರಕ್ತನಾಳಗಳು ಕಟ್ಟಿಕೊಂಡು ಬೈಪಾಸ್‌ಗೆ ಬಂದಾಗ ಅವರ ತೂಕ ಆಸ್ಪತ್ರೆ ಹಾಕಿಕೊಂಡಿದ್ದ ಮಿತಿಯನ್ನು ದಾಟಿತ್ತು. ದಪ್ಪ ಮೈಗೆ ಹೊಲಿಗೆ ಬೇಗ ಕೂಡುವುದಿಲ್ಲ, ಇಳಿಸಿಕೊಂಡು ಬನ್ನಿ ಎಂದು ಕಳಿಸಿದರು. ಎರಡೇ ತಿಂಗಳಲ್ಲಿ ಅವರು ಗುರುತು ಸಿಗದಷ್ಟು ಇಳಿದು ಬಂದರು. ಆಸ್ಪತ್ರೆಯವರಿಗೆ ಎಷ್ಟು ಸಂತೋಷವಾಯಿತೆಂದರೆ, ಶಾಲು ಹೊದಿಸಿ ಫೋಟೋ ತೆಗೆದು 'ಮಾದರಿ ರೋಗಿ' ಎಂದು ಮೊಗಸಾಲೆಯಲ್ಲಿ ತೂಗುಹಾಕಿದರು. ಆಪರೇಷನ್ ಆಗಿ ವಾರ ಕಳೆದಿತ್ತು. ಅಂಕಿ ಅಲ್ಲಾಡದೆ ನಿಂತಿತ್ತು.

ಗೋಡೆ ನೋಡಿದ ಶಸ್ತ್ರವೈದ್ಯ ಡಾ. ವಿರೂಪಾಕ್ಷ ಸವಣೂರರ ಮುಖದ ನಗು ಹಾಗೇ ನಿಂತಿತು.

"ಮೇಡಂ, ನಿಮ್ಮ ಹಾಸಿಗಿ ಕೆಟ್ಟಂಗೈತಿ ನೋಡ್ರಿ. ಪೈಲ್ವಾನರ ಮೈಯಾಗ ಕೆಂಪು ಇಷ್ಟ ಇರತೈತೇನ್ರಿ?"

ಕೆಂಪು ಪಟ್ಟಿ ಬೆರಳಿನಷ್ಟು ತೆಳ್ಳಗಿತ್ತು. ಅದರ ಜಾಗವನ್ನೆಲ್ಲ ನೀಲಿ ತುಂಬಿತ್ತು. ವಿಭಾ ಅವರಿಗೂ ನಂಬಿಕೆ ಬರಲಿಲ್ಲ. ಉಸ್ತಾದರನ್ನು ಪಕ್ಕದ ಮಂಚಕ್ಕೆ ಸರಿಸಿ, ಚಪ್ಪಲಿ ಬಿಚ್ಚಿ ತಾವೇ ಹಾಸಿಗೆಯ ಮೇಲೆ ಮಲಗಿದರು. ಅವರ ಕೆಂಪು ಇರಬೇಕಾದಷ್ಟು ಇತ್ತು, ಹಳದಿ ಅವರು ಬಯಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಹಾಸಿಗೆ ಕೆಟ್ಟಿರಲಿಲ್ಲ.

ಅವರಿಗೆ ಆಗ ಹೊಳೆಯಿತು. ಅಂಕಿ ಅಲ್ಲಾಡದೆ ನಿಂತದ್ದು ಮೈ ಗಟ್ಟಿಯಾಗಿದೆ ಎಂದಲ್ಲ. ಸ್ನಾಯು ಕರಗಿದಷ್ಟೇ ನೀರು ಬಂದು ಸೇರುತ್ತಿತ್ತು. ಕೆಮ್ಮಲು, ಉಸಿರೆಳೆಯಲು, ಎದೆಯ ಗಾಯ ಕೂಡಿಸಲು ಬೇಕಾದ ಬಂಡವಾಳವೇ ದಿನದಿನವೂ ಸೋರಿ ಹೋಗುತ್ತಿತ್ತು, ತಕ್ಕಡಿ ಮಾತ್ರ ಎಲ್ಲ ಸರಿ ಇದೆ ಎನ್ನುತ್ತಿತ್ತು.

"ಊಟ ಹೆಂಗ ಮಾಡ್ತಾರಬೇ?" ಎಂದು ವಿಭಾ ಬಾಗಿಲ ಬಳಿ ನಿಂತಿದ್ದ ಉಸ್ತಾದರ ಹೆಂಡತಿಯನ್ನು ಕೇಳಿದರು.

ಶಿವಗಂಗವ್ವ ಸೆರಗು ಸರಿಪಡಿಸಿಕೊಂಡು ಹೆಮ್ಮೆಯಿಂದ ಹೇಳಿದರು. "ಊಟ ಎಲ್ಲೀದ್ರಿ? ದಿನಾ ಮುಂಜಾನೆ ತೂಕ ಕೊಡೂದೈತಲ್ರಿ. ಬಂದಾಗಿನಿಂದ ಒಂದ ಗುಂಜಿ ಸೈತ ಹೆಚ್ಚಾಗಗೊಟ್ಟಿಲ್ಲ."

"ಮತ್ತ ತಾಟು ಖಾಲಿ ಆಗಿರತೈತಿ ಅಂತ ಸಿಸ್ಟರ್ ಹೇಳ್ತಾರ?"

"ನಾನ ಉಣ್ತೀನ್ರಿ. ಹಾಲು, ತತ್ತಿ, ಎಲ್ಲಾ. ನೀವು ಕೊಟ್ಟಿದ್ದು ಚೆಲ್ಲಬಾರದಲ್ರಿ."

ಶಿವಗಂಗವ್ವ ಒಬ್ಬೊಬ್ಬರ ಮುಖವನ್ನೂ ನೋಡಿದರು. ಶಾಬ್ಬಾಸ್ ಎನ್ನುವರೆಂದು ಕಾದಿದ್ದರು ಪಾಪ.

ಕುಸ್ತಿಗೆ ಮುಂಚೆ ಪೈಲ್ವಾನ ತೂಕ ಕೊಡಬೇಕು. ತನ್ನ ವರ್ಗದ ಮಿತಿಗಿಂತ ಚೂರು ಹೆಚ್ಚಿದ್ದರೂ ಅಖಾಡಕ್ಕೆ ಬಿಡುವುದಿಲ್ಲ. ಆದ್ದರಿಂದ ಉಪವಾಸ ಬೀಳುತ್ತಾರೆ, ಕಂಬಳಿ ಸುತ್ತಿಕೊಂಡು ಬಿಸಿಲಲ್ಲಿ ಓಡಿ ಬೆವರು ಹರಿಸುತ್ತಾರೆ, ಬಾಯಾರಿದರೆ ನೀರು ಮುಕ್ಕಳಿಸಿ ಉಗುಳುತ್ತಾರೆ. ಹುಡುಗರಿಗೆ ಇದನ್ನೆಲ್ಲ ಕಲಿಸಿದ ಉಸ್ತಾದರು, ಆಸ್ಪತ್ರೆ ಇಳಿಸು ಎಂದಾಗ ತಮಗೆ ಗೊತ್ತಿದ್ದ ವಿದ್ಯೆಯನ್ನೇ ಹಿಡಿದರು. ಕೆಟ್ಟುಹೋದ ಹೃದಯ ಹೊತ್ತುಕೊಂಡೇ ಓಡಿದರು. ಆಪರೇಷನ್ ಆದ ಮೇಲೂ ದಾದಿಯರು ದಿನಾ ತೂಗತೊಡಗಿದಾಗ, ಇನ್ನೂ ಕುಸ್ತಿ ಮುಗಿದಿಲ್ಲ ಎಂದುಕೊಂಡರು. ಮೈಯಲ್ಲಿ ನೀರು ನಿಂತಿದೆಯೇ ಎಂದು ತಿಳಿಯಲು ತೂಗುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಸವಣೂರರು ಮಂಚದ ಕಂಬಿ ಹಿಡಿದರು. "ಮೊದಲ ಸಲ ಬಂದಾಗಿನ ಪದರ ನಿಮ್ಮ ಹಾಸಿಗ್ಯಾಗ ಇರಬೇಕಲ್ರಿ? ತಗೀರಿ, ನೋಡೂಣು."

ಇತ್ತು. ಕೇಳಿದವರಿಲ್ಲದೆ ಬಿದ್ದಿತ್ತು. ವಿಭಾ ಅದನ್ನು ಗೋಡೆಗೆ ಹಾಕಿದರು. ಹಳದಿ ಸಾಧಾರಣ. ಕೆಂಪು ಗೋಡೆಯ ಅರ್ಧವನ್ನೇ ಆಕ್ರಮಿಸಿತ್ತು. ಉಸ್ತಾದರನ್ನು ಮಿತಿ ದಾಟಿಸಿದ್ದು ಬೊಜ್ಜಲ್ಲ, ಐವತ್ತು ವರ್ಷ ಗರಡಿಯ ಮಣ್ಣಿನಲ್ಲಿ ಬೆಳೆಸಿದ ಸ್ನಾಯು. ಅವತ್ತೇ ಆಪರೇಷನ್ ಮಾಡಿದ್ದರೆ ಆ ಸ್ನಾಯುವೇ ಅವರನ್ನು ಎತ್ತಿ ನಿಲ್ಲಿಸುತ್ತಿತ್ತು. ಜೊತೆಗಿದ್ದ ಚೂರು ಹಳದಿಯೂ ಕಷ್ಟಕಾಲದ ಬುತ್ತಿಯಾಗುತ್ತಿತ್ತು. ಹಾಸಿಗೆ ಅದನ್ನು ಅವತ್ತೇ ಕಂಡಿತ್ತು. ಕಂಡದ್ದನ್ನು ಕೂಡಿಸಿ ಒಂದು ಅಂಕಿ ಮಾಡಿ ಬಾಯಿ ಮುಚ್ಚಿಕೊಂಡಿತ್ತು.

"ನಾನ ಕಳಿಸಿದೆ," ಎಂದರು ಸವಣೂರರು. "ಕಣ್ಣಿಲೆ ನೋಡಿದ್ರ ಸಾಕಿತ್ತು. ಎಂಥಾ ತೋಳು ಇದ್ವು ಅವು."

"ಕೂಡಿಸಿದ್ದು ನಾನ್ರಿ," ಎಂದರು ವಿಭಾ.

ಉಸ್ತಾದರು ಕಣ್ಣು ತೆರೆದು ಎರಡೂ ಚಿತ್ರಗಳನ್ನು ನೋಡುತ್ತಿದ್ದರು. ವಿಭಾ ಅವರ ಪಕ್ಕ ಕೂತು, ಯಾವ ಬಣ್ಣ ಏನು ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ದಿನಾ ತೂಗುವುದು ಯಾಕೆಂದೂ ಹೇಳಿದರು. ಉಸ್ತಾದರು ಗೋಡೆಯಿಂದ ಕಣ್ಣು ತೆಗೆದು ಅವರ ಕಡೆ ತಿರುಗಿದರು.

"ಅಂದ್ರ ಕುಸ್ತಿ ಮುಗದೈತೇನವ್ವಾ?"

"ಮುಗದು ವಾರ ಆತ್ರಿ ಅಜ್ಜಾರ. ನೀವು ಉಣ್ಣಬೇಕಿತ್ತು."

"ಮತ್ತ ನಾ ಇಷ್ಟು ದಿನಾ ಯಾರ ಕೂಡ ಕುಸ್ತಿ ಹಿಡದಿದ್ದೆ?"

ಶಿವಗಂಗವ್ವ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ತಾವು ಉಂಡ ಒಂದೊಂದು ತುತ್ತೂ ಅವರಿಗೆ ಆಗ ಲೆಕ್ಕಕ್ಕೆ ಬಂದಿರಬೇಕು.

ಮಧ್ಯಾಹ್ನದಿಂದಲೇ ಉಸ್ತಾದರು ಉಣ್ಣಲು ತೊಡಗಿದರು. ಹಟಮಾರಿ ಮನುಷ್ಯ, ಬೇಡವೆನ್ನುವ ಗಂಟಲಿಗೂ ಗಂಜಿ ಇಳಿಸಿದರು. ಹೆಂಡತಿಯ ಕೈಯಿಂದಲೇ ಬೇಕೆಂದು ಹಟ ಮಾಡಿದರು, ಅದು ಹೆಂಡತಿಯ ಸಮಾಧಾನಕ್ಕೋಸ್ಕರ ಎಂದು ಎಲ್ಲರಿಗೂ ತಿಳಿಯಿತು. ಕೆಂಪು ಪಟ್ಟಿ ಕೂದಲೆಳೆಯಷ್ಟು ಹೆಚ್ಚು ದಪ್ಪವಾದ ದಿನ ಸವಣೂರರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಆದರೆ ಎದೆಯಲ್ಲಿ ಕಫ ಕಟ್ಟಿತು. ಅದನ್ನು ಕೆಮ್ಮಿ ಹೊರಹಾಕಲು ಬೇಕಾದ ಬಲ ಹೊಟ್ಟೆಯ ಸ್ನಾಯುಗಳಲ್ಲಿ ಉಳಿದಿರಲಿಲ್ಲ. ಸೋಂಕು ಹತ್ತಿತು, ಔಷಧ ಸೋತಿತು. ಹೊಸದಾಗಿ ಜೋಡಿಸಿದ್ದ ರಕ್ತನಾಳಗಳು ಉಸ್ತಾದರ ಕೊನೆಯುಸಿರಿನವರೆಗೂ ಸೊಗಸಾಗಿ ಕೆಲಸ ಮಾಡುತ್ತಿದ್ದವು.

ಆ ವಾರವೆಲ್ಲ ವಿಭಾ ಹಾಸಿಗೆಯ ನೆನಪಿನಲ್ಲಿದ್ದ ಉಳಿದ ರೋಗಿಗಳನ್ನು ಗೋಡೆಗೆ ಹಾಕಿ ನೋಡುತ್ತಿದ್ದರು. ವಿಪರೀತ ಬೊಜ್ಜಿನವರು ಕಷ್ಟಪಟ್ಟದ್ದು ನಿಜ. ಆದರೆ ಮಿತಿಯ ಸುತ್ತಮುತ್ತ ಇದ್ದ ದುಂಡು ಮೈಯವರು ಕೋಲೂರದೆ ಮನೆಗೆ ನಡೆದಿದ್ದರು. ಅವಸರದಲ್ಲಿ ಇಳಿದು ಬಂದು ಬೆನ್ನು ತಟ್ಟಿಸಿಕೊಂಡವರಲ್ಲಿಯೇ ಹೆಚ್ಚಿನವರು ಹಾಸಿಗೆ ಬಿಟ್ಟೇಳಲು ಒದ್ದಾಡಿದ್ದರು. ಕೆಲವರು ಏಳಲೇ ಇಲ್ಲ. ಸವಣೂರರು ಮಿತಿಯ ನಿಯಮವನ್ನು ಕಿತ್ತುಹಾಕಿಸಿದರು, ಮೊಗಸಾಲೆಯ ಫೋಟೋವನ್ನು ತಮ್ಮ ಕೈಯಾರೆ ಇಳಿಸಿದರು.

ಉಸ್ತಾದರ ಮಣ್ಣಿಗೆ ವಿಭಾ ಹೋದರು. ಗರಡಿಯ ಶಿಷ್ಯರೇ ಹೆಗಲು ಕೊಟ್ಟಿದ್ದರು. ವಿಭಾ ಹೂವು ಚೆಲ್ಲಿ ಕೈಮುಗಿದು ಹಿಂದೆ ಸರಿದಾಗ ಪಕ್ಕದಲ್ಲಿ ಇಬ್ಬರು ಹಿರಿಯರು ಮೆಲ್ಲಗೆ ಮಾತಾಡುತ್ತಿದ್ದರು.

"ಕಡೀತನಕಾ ಮೈ ಹಗರ ಇಟ್ಟಿದ್ರು ನೋಡಪಾ. ಎತ್ತಾಕ ಏನೂ ತ್ರಾಸ ಆಗಲಿಲ್ಲ."

"ಹೌದಪಾ, ನೇಮಸ್ತ ಮನಶ್ಯಾ."

ವಿಭಾ ಅಲ್ಲಿಂದ ಹೊರಟರು. ವಾರದಿಂದ ಅವರಿಗೆ ಊಟ ಸೇರಿರಲಿಲ್ಲ, ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಪರಿಚಯವಾಗಿದ್ದ ಉಸ್ತಾದರ ತಂಗಿ ಅಷ್ಟು ಅಳುವಿನ ನಡುವೆಯೂ ಹತ್ತಿರ ಬಂದು ಕೈ ಹಿಡಿದರು. ಮೇಲಿಂದ ಕೆಳಗೆ ಒಮ್ಮೆ ನೋಡಿ, ನಾವೆಲ್ಲ ದಿನಕ್ಕೊಬ್ಬರಿಗಾದರೂ ಹೇಳುವ ಮಾತನ್ನೇ ಅಕ್ಕರೆಯಿಂದ ಹೇಳಿದರು.

"ಸಣ್ಣಾಗೀರಿ ಮೇಡಂ. ಚಲೋ ಆತ್ ಬಿಡ್ರಿ."

ಏನು ಕಡಿಮೆಯಾಗಿದೆ ಎಂದು ಅವರು ಕೇಳಲಿಲ್ಲ.