ಬಿಳಿ ಬಟ್ಟೆ ಕಳಚದ ಝೋಹ್ರಾ

ಡಯಾಲಿಸಿಸ್ ವಾರ್ಡಿನ ಕೊನೆಯ ಹಾಸಿಗೆಯಲ್ಲಿದ್ದವನನ್ನು ಕಂಡು, ನರ್ಸಿಂಗ್ ತರಬೇತಿಗೆ ಬಂದಿದ್ದ ಝೋಹ್ರಾ ನಿಂತಲ್ಲೇ ನಿಂತುಬಿಟ್ಟಳು.

ಮಿಲೂದ್...

ತಾಝಾ ಊರಿನಲ್ಲಿ ಅವಳದೇ ಓಣಿಯಲ್ಲಿ ಉಣ್ಣೆ ಹಾಸಿಗೆ ಹೊಲಿಯುವವನು. ಅವನೂ ಅವಳನ್ನು ನೋಡಿದ. ನೋಡಿದವನೇ ಮುಖ ಗೋಡೆಯ ಕಡೆ ತಿರುಗಿಸಿದ.

ಓಣಿಯಲ್ಲಿ ಮುಖ ತಿರುಗಿಸಿದ್ದು ಸಾಲದೆ ಇಲ್ಲೂ ಅದೇನಾ?

ಗಂಡ ಸತ್ತಾಗ ಅವಳು ಊರಿನ ವಿಧವೆಯರೆಲ್ಲರಂತೆ ನಾಲ್ಕು ತಿಂಗಳು ಹತ್ತು ದಿನ ಅಡಿಯಿಂದ ಮುಡಿಯವರೆಗೆ ಬಿಳಿ ಉಟ್ಟಿದ್ದಳು. ಬಿಳಿ ಉಟ್ಟ ವಿಧವೆಯ ಮುಖ ನೋಡುವುದು ಮರ್ಯಾದೆಯಲ್ಲ. ಮಿಲೂದ್ ಅವಳ ಮಗಳು ವಿಸಾಲ್‌ಳ ಕೈಗೆ ಬಿಸಿ ರೊಟ್ಟಿ ಕೊಟ್ಟು, ತಲೆ ತಗ್ಗಿಸಿ ಹೋಗುತ್ತಿದ್ದ. ಶೋಕದ ದಿನ ಮುಗಿಯಲಿ, ಆಗ ಮಾತಾಡುತ್ತಾನೆ ಎಂದು ಅವಳು ಗುಟ್ಟಾಗಿ ಕಾದಿದ್ದಳು.

ಆದರೆ ಅಷ್ಟರಲ್ಲಿ ಅವಳ ನರ್ಸಿಂಗ್ ಶಾಲೆ ಶುರುವಾಯಿತು. ಅವನು ಮಾತಾಡಲೇ ಇಲ್ಲ. ಮಗಳಿರುವ ಹೆಂಗಸು ಬ್ಯಾಗು ಹಾಕಿಕೊಂಡು ಓದಲು ಹೊರಟದ್ದು ಅವನಿಗೂ ನಗೆಪಾಟಲಾಗಿ ಕಂಡಿರಬೇಕು ಎಂದುಕೊಂಡು ಎಷ್ಟು ಅತ್ತಿದ್ದಳು.

ಅವನ ತೋಳು ಒರೆಸುತ್ತಾ, ಊರಿನ ರೂಢಿಯಂತೆ ಹೆಸರಿಗೆ ಗೌರವದ 'ಸಿ' ಸೇರಿಸಿ ಕೇಳಿಯೇಬಿಟ್ಟಳು. "ನಾನು ಓದೋದು ಅಷ್ಟೊಂದು ನಾಚಿಕೆಗೇಡಾ, ಸಿ ಮಿಲೂದ್?"

"ಓದೋದಾ? ನಿಮ್ಮ ಓದಿನ ಬಗ್ಗೆ ಓಣಿ ತುಂಬಾ ಜಂಬ ಕೊಚ್ಚಿಕೊಂಡವನು ನಾನೇ, ಲಾಲ್ಲಾ ಝೋಹ್ರಾ."

"ಮತ್ತೆ ಮುಖ ಯಾಕೆ ತಿರುಗಿಸ್ತೀರಿ?"

"ನೀವಿನ್ನೂ ಬಿಳಿ ಬಿಟ್ಟಿಲ್ವಲ್ಲ... ಓದೋದು ಮಗಳಿಗೋಸ್ಕರ, ಬಿಳಿ ಸತ್ತೋರಿಗೋಸ್ಕರ ಅಂದ್ಕೊಂಡೆ. ಇನ್ನು ಕೇಳಬಾರದು ಅನ್ನಿಸ್ತು."

ಝೋಹ್ರಾ ತನ್ನ ಬಿಳಿ ತೋಳನ್ನು ನೋಡಿಕೊಂಡಳು. "ಶಾಲೇಲಿ ಬಿಳಿ ಬೇಕು ಅಂದ್ರು. ನನ್ನ ಹತ್ರ ಇದ್ದಿದ್ದು ಇದೊಂದೇ. ದಿನ ಮುಗಿದು ವರ್ಷದ ಮೇಲಾಯ್ತು..."

ಒಂದು ಮಾತಿನಲ್ಲಿ ಮುಗಿಯುತ್ತಿದ್ದುದಕ್ಕೆ ವರ್ಷವೇ ಹೋಗಿತ್ತು. ಆ ವರ್ಷದಲ್ಲೇ ಅವನ ಮೂತ್ರಪಿಂಡಗಳೂ ಕೈಕೊಟ್ಟಿದ್ದವು.

"ಈಗ ಕೇಳೋಕೆ ನಂಗೆ ಯಾವ ಮುಖ ಇದೆ?" ಎಂದ ಮಿಲೂದ್. "ವಾರಕ್ಕೆ ಮೂರು ಸಲ ಈ ಮಿಷನ್ನು. ಎಷ್ಟು ದಿನ ಇರ್ತೀನೋ ಗೊತ್ತಿಲ್ಲ. ನಿಮ್ಮನ್ನ ಇನ್ನೊಂದು ಸಲ ವಿಧವೆ ಮಾಡ್ಲಾ?"

ಈ ರೋಗ ಕೊನೆಗೆ ಏನು ಮಾಡುತ್ತದೆಂದು ಅವಳಿಗೆ ಈಗ ಗೊತ್ತಿತ್ತು. ಗಂಡನ ಕೊನೆಗಾಲದಲ್ಲಿ ಏನೂ ತಿಳಿಯದೆ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು. ಆ ಸಂಕಟಕ್ಕೇ ಈ ಓದಿಗೆ ಬಂದವಳು. ಮತ್ತೆ ಅದೇ ನೋವಾ, ಝೋಹ್ರಾ? ತಡೆದುಕೊಳ್ಳುತ್ತೀಯಾ?

ಅವನ ಕೈ ಇನ್ನೂ ಅವಳ ಕೈಯಲ್ಲೇ ಇತ್ತು.

"ಎಷ್ಟು ದಿನ ಇರ್ತೀರೋ ಅಷ್ಟು ದಿನ ನಮ್ಮನೇಲಿ ಇರಿ," ಎಂದಳು.

ಅವನ ಕಣ್ಣು ತುಂಬಿತು. "ವಿಸಾಲ್ ಒಪ್ತಾಳಾ?"

"ಮಿಲೂದ್ ಮಾಮ ನಮ್ಮ ಮೇಲೆ ಕೋಪ ಮಾಡ್ಕೊಂಡಿದ್ದಾರಾ ಅಂತ ನನ್ನ ತಲೆ ತಿಂತಾಳೆ. ಶುಕ್ರವಾರ ಊಟಕ್ಕೆ ಕುಸ್ಕುಸ್ ಮಾಡ್ತೀನಿ, ನೀವೇ ಬಂದು ಕೇಳಿ."

"ನಾನು ಉಪ್ಪು ತಿನ್ನಬಾರ್ದು."

"ಗೊತ್ತು. ಉಪ್ಪಿಲ್ಲದೇ ಮಾಡ್ತೀನಿ. ಮೂರೂ ಜನ ಅದನ್ನೇ ತಿನ್ನೋಣ."