ಪೀಚ್ ಮರಕ್ಕೆ ಕಟ್ಟಿದ ಬಿಳಿ ಬಟ್ಟೆ

ಅವನು ಮೊದಲು ನೋಡಿದ್ದು ಮರಕ್ಕೆ ಕಟ್ಟಿದ್ದ ಬಿಳಿ ಬಟ್ಟೆಯನ್ನು, ಆಮೇಲೆ ನನ್ನನ್ನು.

"ಯಾವಾಗ?" ಅಂದ.

"ಎಂಟನೇ ತಿಂಗಳು, ಹುಣ್ಣಿಮೆ ಮಾರನೇ ದಿನ. ಅಪ್ಪ ಮಧ್ಯಾಹ್ನ ಊಟ ಮಾಡಿ ಮಲಗಿದೋರು ಏಳಲೇ ಇಲ್ಲ."

ಮನೆಯ ಯಜಮಾನ ಹೋದರೆ ನಮ್ಮಲ್ಲಿ ಮರಗಿಡಗಳಿಗೂ ಸುದ್ದಿ ಮುಟ್ಟಿಸಿ ಬಿಳಿ ಬಟ್ಟೆ ಕಟ್ಟುತ್ತಾರೆ. ಇಲ್ಲದಿದ್ದರೆ ಅವೂ ಒಣಗಿ ಯಜಮಾನನ ಹಿಂದೆಯೇ ಹೋಗುತ್ತವಂತೆ. ನಮ್ಮದೇನು ದೊಡ್ಡ ತೋಟವೇ? ಅಂಗಳದಲ್ಲಿ ಒಂದು ಪೀಚ್ ಮರ, ಕುಂಡದಲ್ಲಿ ಒಂದು ಪುಟ್ಟ ಕಿತ್ತಳೆ ಗಿಡ, ಗೋಡೆಗುಂಟ ಒಂದು ಮಡಿ ಕೊತ್ತಂಬರಿ. ಅಪ್ಪನ ಒಂದೇ ಬನಿಯನ್ ಹರಿದದ್ದು ಎಲ್ಲಕ್ಕೂ ಸಾಕಾಯಿತು. ಕೊತ್ತಂಬರಿಗೆ ಹೇಗೆ ಕಟ್ಟುವುದೆಂದು ತಿಳಿಯದೆ ಬಾಯಲ್ಲೇ ಹೇಳಿದೆ.

ಅಪ್ಪ ಹೋಗುವುದಕ್ಕೆ ವಾರ ಮೊದಲು ಅಂದಿದ್ದರು, "ನಾನಿಲ್ದೆ ಹೋದ್ರೂ ಮರ ಹೂ ಬಿಡೋದು ನಿಲ್ಲಬಾರದು ಕಣೇ." ತೆತ್ ಹಬ್ಬಕ್ಕೆ ಐವತ್ತು ದಿನವಿರುವಾಗ ಎಲೆಯನ್ನೆಲ್ಲ ಕಿತ್ತರೆ ಮಾತ್ರ ಪೀಚ್ ಮರ ಹೊಸ ವರ್ಷದ ಬೆಳಿಗ್ಗೆಗೆ ಸರಿಯಾಗಿ ಅರಳುತ್ತದೆ. ಹಾಗಾಗಿ ಹೂವಿನ ಸಂತೆಯ ತೇವ್ ಅತ್ತೆಗೆ ಫೋನ್ ಮಾಡಿ, ಎಲೆ ಕೀಳಲು ಯಾರನ್ನಾದರೂ ಕಳಿಸಿ ಅಂದಿದ್ದೆ. ಬಂದವನು ಖಾಂಗ್. ಇಪ್ಪತ್ತು ವರ್ಷದ ಮೇಲೆ.

"ಅತ್ತೆ ಹತ್ರ ಬೇರೆ ಆಳೇ ಇರ್ಲಿಲ್ವಾ?"

"ಇದ್ರು, ಮಿಯೆನ್. ನಿನ್ನ ಬಾಯಿಗೆ ಹೆದರಿ ಯಾರೂ ಒಪ್ಪಲಿಲ್ವಂತೆ."

"ನಿಂಗೆ ಹೆದರಿಕೆ ಇಲ್ವಾ?"

"ಇಪ್ಪತ್ತು ವರ್ಷ ಹೆದರಿದ್ದು ಸಾಕಾಯ್ತು," ಅಂದು ಸ್ಟೂಲ್ ಎಳೆದುಕೊಂಡ.

ಅದೇ ಕೈ. ಎಲೆಯ ತೊಟ್ಟನ್ನು ಹಿಂದಕ್ಕೆ ಬಾಗಿಸಿ, ಅದರ ಕಂಕುಳಲ್ಲಿ ಕೂತ ಮೊಗ್ಗಿನ ಕಣ್ಣಿಗೆ ನೋವಾಗದಂತೆ ಕೀಳುವ ಕೈ. ಕಿವಿಯ ಹಿಂದೆ ಮಾತ್ರ ಕೂದಲು ನರೆತಿತ್ತು. ನಾನು ಬುಟ್ಟಿ ಹಿಡಿದು ನಿಂತೆ. ಅವನು ನೋಡಿದಾಗ ಬುಟ್ಟಿ ನೋಡಿದೆ, ಅವನು ಮರ ನೋಡುವಾಗ ಅವನನ್ನು ನೋಡಿದೆ. ಇಪ್ಪತ್ಮೂರರಲ್ಲಿ ಮಾಡಿದ್ದನ್ನೇ ನಲವತ್ಮೂರರಲ್ಲೂ ಮಾಡುತ್ತಿದ್ದೆ, ನಾಚಿಕೆಯೂ ಆಗಲಿಲ್ಲ.

ಆ ವರ್ಷ ಅಪ್ಪನ ಕೈ ಮುರಿದಿತ್ತು. ಅದಕ್ಕೇ ಹೊಳೆಯಾಚೆಯಿಂದ ಖಾಂಗ್ ಎಲೆ ಕೀಳಲು ಬಂದ. ಒಂದು ದಿನದ ಕೆಲಸವನ್ನು ನಾಲ್ಕು ದಿನ ಎಳೆದ. ನಾಲ್ಕನೇ ದಿನ ಸ್ಟೂಲಿನ ಮೇಲಿಂದ ಬಗ್ಗಿ, "ತೆತ್ ಬೆಳಿಗ್ಗೆ ನಿಮ್ಮನೆ ಹೊಸಿಲು ಮೊದಲು ತುಳಿಯೋನು ನಾನೇ. ಬಂದು ನಿಮ್ಮಪ್ಪನ ಹತ್ರ ನಿನ್ನ ಕೇಳ್ತೀನಿ," ಅಂದ. ವರ್ಷದ ಮೊದಲ ಅತಿಥಿಯ ಕಾಲ್ಗುಣದ ಮೇಲೆ ಇಡೀ ವರ್ಷ ನಿಂತಿರುತ್ತದೆ. ಅಪ್ಪ ಬೆರಳ ಗೆಣ್ಣು ಎಣಿಸಿ, ಅವನು ಹುಟ್ಟಿದ ವರ್ಷಕ್ಕೂ ತಮ್ಮದಕ್ಕೂ ಹೊಂದಿಸಿ, ಗೊಣಗುತ್ತಲೇ ಹೂಂ ಅಂದರು.

ಹಬ್ಬದ ಬೆಳಿಗ್ಗೆ ನಾನು ಹಳದಿ ರೇಷ್ಮೆಯ ಉದ್ದಂಗಿ ತೊಟ್ಟು ಮರದ ಕೆಳಗೆ ನಿಂತೆ. ಮರ ಮೈತುಂಬ ಅರಳಿತ್ತು. ಅವನು ಬಂದ. ಆದರೆ ಹೊಳೆ ಏರಿಯ ಮೇಲೆಯೇ ಸೈಕಲ್ ನಿಲ್ಲಿಸಿದ. ಎದೆಯ ಮೇಲೆ ಕೈಯಿಟ್ಟುಕೊಂಡು ಒಂದು ಗಳಿಗೆ ನಮ್ಮ ಅಂಗಳ ನೋಡಿದ, ಸೈಕಲ್ ತಿರುಗಿಸಿ ಹೊರಟುಹೋದ. ಆ ವರ್ಷ ನಮ್ಮ ಹೊಸಿಲು ಮೊದಲು ದಾಟಿದ್ದು ಪಕ್ಕದ ಮನೆಯ ಬೆಕ್ಕು. ಅಪ್ಪ ವರ್ಷವಿಡೀ ತಮ್ಮ ಕೆಮ್ಮಿಗೂ ಅದನ್ನೇ ಬೈದರು.

ಹಬ್ಬವಾದ ಹದಿನಾರನೇ ದಿನ ಮರದ ರೆಂಬೆ ಸವರುವ ನೆಪದಲ್ಲಿ ಅವನು ಗೇಟಿಗೆ ಬಂದಾಗ ನಾನು ಒಳಗಿಂದಲೇ ಅಪ್ಪನಿಗೆ ಹೇಳಿದೆ, "ಕೆಲಸ ಇಲ್ಲ ಅಂತ ಕಳಿಸಿಬಿಡಿ." ಮುಖ ನೋಡಲಿಲ್ಲ. ಎರಡು ವರ್ಷಕ್ಕೆ ಅವನ ಮದುವೆಯಾಯಿತು. ನನ್ನದು ಆಗಲಿಲ್ಲ. ಅವನಿಗಾಗಿ ಕಾದೆ ಅಂದುಕೊಳ್ಳಬೇಡಿ, ನೋಡಲು ಬಂದ ಇಬ್ಬರನ್ನೂ ನನ್ನ ಬಾಯೇ ಓಡಿಸಿತು.

"ಇದನ್ನ ಎಷ್ಟು ದಿನ ಹಾಕ್ಕೋತೀಯ?" ಖಾಂಗ್ ಕೆಲಸ ನಿಲ್ಲಿಸಿ ಕೇಳಿದ. ನನ್ನ ಸ್ವೆಟರಿಗೆ, ಎದೆಯ ಬಳಿ, ಪಿನ್ನು ಹಾಕಿದ್ದ ಸೂತಕದ ಕರಿ ಬಟ್ಟೆಯ ತುಂಡನ್ನು ನೋಡುತ್ತಿದ್ದ.

"ವರ್ಷದ ತಿಥಿ ಮುಗಿಯೋವರೆಗೂ."

"ಹಾಗಾದ್ರೆ ಈ ತೆತ್‌ಗೆ ಯಾರ ಮನೆಗೂ ಹೋಗೋ ಹಾಗಿಲ್ಲ."

"ಸೂತಕ ಹೊತ್ಕೊಂಡು ಹಬ್ಬದ ದಿನ ಇನ್ನೊಬ್ರ ಮನೆ ಹೊಸಿಲು ತುಳಿದು, ಅವರ ವರ್ಷ ಕೆಡಿಸ್ಲಾ? ಅಷ್ಟು ಗೊತ್ತಾಗಲ್ವಾ ನಂಗೆ?"

"ಅದೇ ಅಂದೆ. ನಾನೂ ಅಜ್ಜಿ ಸತ್ತ ವರ್ಷ ಏರಿ ಮೇಲೇ ನಿಂತು ನೋಡಿ ಹೋದ್ನಲ್ಲ, ಹಾಗೆ."

ಬುಟ್ಟಿ ನನ್ನ ಕೈಯಲ್ಲೇ ಇತ್ತು. ಅದೊಂದು ನೆನಪಿದೆ.

"ಯಾವ ಅಜ್ಜಿ?"

ಅವನು ನಿಧಾನವಾಗಿ ಸ್ಟೂಲಿನಿಂದ ಇಳಿದ. "ನಿಂಗೆ ಗೊತ್ತಿಲ್ವಾ? ಹಬ್ಬಕ್ಕೆ ಮೂರು ದಿನ ಇದ್ದಾಗ ನಮ್ಮಜ್ಜಿ ಹೋದ್ರು. ಹಬ್ಬದ ಹೊತ್ತಲ್ಲಿ ಹುಡುಗಿ ಮನೆಗೆ ಸಾವಿನ ಸುದ್ದಿ ಕಳಿಸ್ಬೇಡ ಅಂದ್ರು ಅಮ್ಮ. ಆಗ ಫೋನೂ ಇರ್ಲಿಲ್ಲ. ಹೂ ಬಿಟ್ಟಿದೆಯಾ ಅಂತಾದ್ರೂ ನೋಡೋಣ ಅಂತ ಏರಿಗೆ ಬಂದೆ."

"ಎದೆ ಮೇಲೆ ಕೈ ಇಟ್ಕೊಂಡಿದ್ದೆ."

"ಅಲ್ಲಿ ಇಂಥದೇ ಕರಿ ತುಂಡು ಇತ್ತು. ಅಷ್ಟು ದೂರದಿಂದ್ಲೂ ವರ್ಷದ ಮೊದಲ ದಿನ ನಿನ್ನ ಕಣ್ಣಿಗೆ ಅದು ಬೀಳಬಾರದು ಅಂತ ಮುಚ್ಕೊಂಡಿದ್ದೆ."

ಬೇಡ ಅಂತಲೋ, ಕ್ಷಮಿಸು ಅಂತಲೋ ಹೇಳುವ ಕೈ ಅದು ಎಂದು ನಾನು ಇಪ್ಪತ್ತು ವರ್ಷ ತಿಳಿದಿದ್ದೆ.

"ಹದಿನಾರನೇ ದಿನ ಎಲ್ಲಾ ಹೇಳೋಣ ಅಂತ ಬಂದೆ," ಅಂದ. "ನಿಮ್ಮಪ್ಪ ನನ್ನ ಎದೆ ಮೇಲಿನ ತುಂಡು ನೋಡಿದ್ರು. ಒಳಗೆ ಹೋಗಿ ಬಂದು, ಕೆಲಸ ಇಲ್ಲ ಅಂದ್ರು. ಸೂತಕದ ಮನೆಯವನು ಬೇಡ ಅಂತ ನೀನೇ ಹೇಳಿಸಿದ್ದು ಅಂದ್ಕೊಂಡೆ."

ಆ ದಿನ ಅಪ್ಪ ಗೇಟಿನಿಂದ ಬಂದು, "ಮಿಯೆನ್, ಆ ಹುಡುಗನ ಮನೇಲಿ..." ಎಂದು ಬಾಯಿ ತೆರೆದಿದ್ದರು. "ಅವನ ಹೆಸರೆತ್ತಿದ್ರೆ ನಾನೀಗಲೇ ಮನೆ ಬಿಟ್ಟು ಹೋಗ್ತೀನಿ!" ಎಂದು ಕೂಗಿದ್ದೆ. ತಿಂಗಳು ಕಳೆದು ಊಟಕ್ಕೆ ಕೂತಾಗ ಇನ್ನೊಮ್ಮೆ ಶುರು ಮಾಡಿದರು. ಬಟ್ಟಲು ಬಿಟ್ಟು ಎದ್ದುಹೋದೆ. ಮೊದಲೇ ಮಾತು ಕಡಿಮೆಯ ಮನುಷ್ಯ, ಮೂರನೇ ಸಲ ಹೇಳಲು ಬರಲಿಲ್ಲ. ಹೇಳಲಾಗದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಪ್ರತಿವರ್ಷ ಈ ಮರ ಅರಳಿಸಿದರು.

"ಅಪ್ಪ ಹೇಳೋಕೆ ಬಂದ್ರು, ಖಾಂಗ್. ಎರಡು ಸಲ. ನಾನೇ ಕೇಳಲಿಲ್ಲ."

ಅವನು ಮತ್ತೆ ಸ್ಟೂಲ್ ಹತ್ತಿದ. ಒಂದೊಂದೇ ಎಲೆ ಬುಟ್ಟಿಗೆ ಬೀಳುತ್ತಿತ್ತು.

"ನಾನೂ ಇನ್ನೊಂದ್ಸಲ ಬಂದು ಗೇಟು ತಟ್ಟಬಹುದಿತ್ತು," ಅಂದ ಕೊನೆಗೆ. "ಹಳದಿ ನಿಂಗೆ ಚೆನ್ನಾಗಿ ಒಪ್ತಿತ್ತು."

ಆಗ ಅತ್ತುಬಿಟ್ಟೆ. ಅವನು ಇಳಿದು ಬರಲಿಲ್ಲ, ಬರಬಾರದಿತ್ತು ಕೂಡ. ಇಳಿದು ಬರಲಿ ಎಂದು ಎಷ್ಟು ಆಸೆಪಟ್ಟೆನೆಂದು ನನಗೆ ಮಾತ್ರ ಗೊತ್ತು.

ಕಣ್ಣೊರೆಸಿಕೊಂಡು ಕೇಳಿದೆ, "ಮಕ್ಕಳು?"

"ಒಬ್ಬಳು. ಒಂಬತ್ತು ವರ್ಷ. ಬಾಯಿ ಥೇಟ್ ನಿಂದೇ."

"ಪಾಪ, ನಿನ್ನ ಹೆಂಡ್ತಿ."

"ಅವಳು ಒಳ್ಳೆಯವಳು, ಮಿಯೆನ್."

"ಇರ್ಲೇಬೇಕಲ್ಲ, ನಿನ್ನ ಕಟ್ಕೊಂಡು ಏಗ್ತಿದಾಳೆ," ಅಂದೆ. ಇಬ್ಬರೂ ಸ್ವಲ್ಪ ನಕ್ಕೆವು.

ಹೊರಡುವಾಗ ಅವನು ಬೋಳು ಮರವನ್ನು ಸುತ್ತ ನೋಡಿ, ಸಡಿಲವಾಗಿದ್ದ ಬಿಳಿ ಬಟ್ಟೆಯನ್ನು ಬಿಗಿಯಾಗಿ ಗಂಟು ಹಾಕಿದ. "ಚಳಿ ಜಾಸ್ತಿ ಆದ್ರೆ ಬುಡಕ್ಕೆ ಬೆಚ್ಚಗಿನ ನೀರು ಹಾಕು. ಈ ಸಲ ನಿಮ್ಮನೆಗೆ ಯಾರೂ ಬರಲ್ಲ, ಅಲ್ವಾ?"

"ಸೂತಕದ ಮನೆಗೆ ಯಾರು ಬರ್ತಾರೆ?"

"ಏರಿ ಮೇಲಿಂದ್ಲೂ ಹೂ ಚೆನ್ನಾಗೇ ಕಾಣುತ್ತೆ," ಅಂದ, ನನ್ನ ಮುಖ ನೋಡದೆ.

ಆಮೇಲೆ ಐವತ್ತು ದಿನದ ಚಳಿ. ಸೂರ್ಯನ ಸುಳಿವಿಲ್ಲ, ಇಡೀ ದಿನ ಜಿನುಗು, ಒಗೆದ ಬಟ್ಟೆ ಒಣಗುವುದಿಲ್ಲ. ಬೆಳಿಗ್ಗೆ ಎದ್ದು ನೀರು ಬೆಚ್ಚಗೆ ಮಾಡಿ ಬುಡಕ್ಕೆ ಹಾಕುತ್ತಿದ್ದೆ. ಮೊಗ್ಗು ಮೊದಲು ಸಾಸಿವೆಯಷ್ಟು, ಆಮೇಲೆ ಅಕ್ಕಿ ಕಾಳಿನಷ್ಟು. ಮರದೊಂದಿಗೆ ಮಾತಾಡುವ ಅಭ್ಯಾಸವಾಯಿತು. ಅಪ್ಪನಿಗೆ ಹೇಳಬೇಕಿದ್ದ ಕ್ಷಮೆಯನ್ನೂ ಅದಕ್ಕೇ ಹೇಳಿದೆ.

ಹಬ್ಬದ ಬೆಳಿಗ್ಗೆ ಮರ ಅರಳಿತ್ತು. ಕಳೆದ ವರ್ಷದಷ್ಟಲ್ಲ, ಆದರೆ ಅರಳಿತ್ತು. ಅಪ್ಪನ ಪಟದ ಮುಂದೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಅಂಟಕ್ಕಿ ಕಡುಬಿಟ್ಟು, ಊದುಬತ್ತಿ ಹಚ್ಚಿ ಅಂಗಳಕ್ಕೆ ಬಂದೆ. ಬೀದಿಯಲ್ಲಿ ಜನ ಹೊಸ ಬಟ್ಟೆ ತೊಟ್ಟು ಮನೆಯಿಂದ ಮನೆಗೆ ಹೋಗುತ್ತಿದ್ದರು. ನಮ್ಮ ಗೇಟನ್ನು ನೋಡದ ಹಾಗೆ ದಾಟುತ್ತಿದ್ದರು.

ಏರಿಯ ಮೇಲೆ ಒಂದು ಬೈಕು ನಿಂತಿತು. ಖಾಂಗ್, ಹಿಂದೆ ಅವನ ಹೆಂಡತಿ, ನಡುವೆ ಕೆಂಪು ಉಡುಪಿನ ಹುಡುಗಿ. ಅವಳು ಸೀಟಿನ ಮೇಲೇ ಎದ್ದು ನಿಂತು ಕೂಗಿದಳು, "ಅಪ್ಪಾ, ಅಲ್ನೋಡು, ಎಷ್ಟೊಂದು ಹೂ! ಅತ್ತೇ, ಹೊಸ ವರ್ಷದ ಶುಭಾಶಯಾ!" ಬಾಯಿ ನಿಜಕ್ಕೂ ನನ್ನದೇ.

ನನ್ನ ಎಡಗೈ ತಾನಾಗಿಯೇ ಎದ್ದು ಎದೆಯ ಮೇಲಿನ ಕರಿ ತುಂಡನ್ನು ಮುಚ್ಚಿತು. ಆ ಮಗುವಿನ ವರ್ಷಕ್ಕೆ ಅದು ತಾಕಬಾರದಿತ್ತು. ಇಪ್ಪತ್ತು ವರ್ಷದ ಹಿಂದೆ ಅಲ್ಲಿ ನಿಂತವನ ಎದೆಯಲ್ಲಿ ಎಷ್ಟು ಪ್ರೀತಿ ಇತ್ತೆಂದು ನನ್ನ ಕೈಗೆ ಈಗ ತಿಳಿಯಿತು.

ಖಾಂಗ್ ನೋಡಿದ. ಹೆಲ್ಮೆಟ್ ತೆಗೆದು ತಲೆ ಬಾಗಿಸಿದ, ಮತ್ತೆ ಹಾಕಿಕೊಂಡ.

ಹುಡುಗಿ ಕೈ ಬೀಸುತ್ತಲೇ ಇದ್ದಳು. ನಾನು ಬಲಗೈ ಬೀಸಿದೆ. ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ಎಡಗೈ ತೆಗೆಯಲಿಲ್ಲ.