ಮಾನದಂಡದಲ್ಲಿಲ್ಲದ ಪುಟ

ಮಂಗಳವಾರ ಬೆಳಿಗ್ಗೆ 10.20ಕ್ಕೆ ತುರ್ತು ಕರೆ ಕೇಂದ್ರದ ವ್ಯವಸ್ಥಾಪಕರು ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ಮಧ್ಯಾಹ್ನ 3.05ರಿಂದ 3.46ರವರೆಗೆ ಕೇಂದ್ರದ ನೆಟ್‌ವರ್ಕ್ ಸತ್ತುಬಿದ್ದಿತ್ತು. ಆಗ ಆಂಬುಲೆನ್ಸ್‌ಗಾಗಿ ಮೇಲಿಂದ ಮೇಲೆ ಕರೆ ಮಾಡಿದ ಹೆಂಗಸಿಗೆ ಉತ್ತರ ಸಿಗಲಿಲ್ಲ. ಆಕೆಯ ಗಂಡ ಮನೆಯಲ್ಲೇ ತೀರಿಕೊಂಡ. ಕಾರಣ, ಹನ್ನೆರಡು ಟ್ರಾನ್ಸೀವರ್‌ಗಳು. ಬೆರಳುದ್ದದ ಈ ಲೋಹದ ತುಂಡುಗಳು ವಿದ್ಯುತ್ ಸಂಕೇತವನ್ನು ಬೆಳಕಾಗಿಸಿ ಫೈಬರಿಗೆ ಬಿಡುತ್ತವೆ. ಎಲ್ಲ ಕಂಪನಿಗಳಿಗೂ ಒಂದೇ ಮಾನದಂಡವಿರುವುದರಿಂದ ಯಾರದು ಬೇಕಾದರೂ ಯಾವ ನೆಟ್‌ವರ್ಕ್ ಸ್ವಿಚ್ಚಿಗೆ ಬೇಕಾದರೂ ಕೂರುತ್ತದೆ. ಇವೂ ಚೆನ್ನಾಗಿಯೇ ಕೂತವು, ಆಮೇಲೆ ಬಿಸಿಯೇರಿ ಸತ್ತವು.

ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಇನ್ಸ್‌ಪೆಕ್ಟರರು ‘ಮೀಸೆ’ ಎಂದೇ ಎಲ್ಲರೂ ಕರೆಯುವ ಹೆಡ್ ಕಾನ್‌ಸ್ಟೆಬಲ್ ಜೊತೆ ಕೇಂದ್ರಕ್ಕೆ ಹೋದರು. ಆತ ಮೀಸೆ ಬೋಳಿಸಿ ಎಂಟು ವರ್ಷವಾಗಿತ್ತು. ಹೆಸರನ್ನು ಬೋಳಿಸಲು ಠಾಣೆ ಒಪ್ಪಿರಲಿಲ್ಲ. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಮಾಡಿ ಹನ್ನೆರಡನ್ನೂ ವಶಕ್ಕೆ ಪಡೆದರು. ಎಲ್ಲದರ ಮೇಲೂ, ಇಂಥ ಮಾಲನ್ನು ಪರೀಕ್ಷಿಸಿ ಪಾಸು ಮಾಡುವ ಒಂದೇ ಪರೀಕ್ಷಾಲಯದ ಮೊಹರು ಇತ್ತು.

“ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ ಸರ್,” ಎಂದ ಮೀಸೆ.

ಪರೀಕ್ಷಾಲಯದ ಮುಖ್ಯಸ್ಥೆ ಆ ಮಾಲಿನ ಜೊತೆ ಬಂದಿದ್ದ ಪ್ರಮಾಣಪತ್ರವನ್ನು ಎರಡು ಸಲ ಓದಿದರು.

“ಸಹಿ ನಿಮ್ಮದಾ?”

“ನಂದೇ ಥರ ಇದೆ. ನಾನ್ ಹಾಕಿಲ್ಲ.”

“ಮೊಹರು?”

“ಬೀರುವಲ್ಲಿರುತ್ತೆ. ಒಂದು ಕೀಲಿ ನನ್ ಹತ್ರ, ಇನ್ನೊಂದು ನಮ್ ಭಾವನ ಹತ್ರ. ನಮ್ ಯಜಮಾನ್ರ ಅಣ್ಣ, ಇಲ್ಲೇ ಕೆಲಸ. ಈ ಕೆಲಸ ಕೈ ಹಿಡಿದು ಕಲಿಸಿದ್ದೇ ಅವರು ಸರ್. ಅವರ ಮೇಲೆ ಮಾತ್ರ ಅನುಮಾನ ಪಡ್ಬೇಡಿ.”

“ಹಾಗಾದ್ರೆ ಉಳಿಯೋದು ನೀವೇ.”

ಬುಧವಾರ ಸಂಜೆಯೊಳಗೆ ಬೇರೆ ಜಾಡು ಸಿಗದಿದ್ದರೆ ಆಕೆಯನ್ನೇ ಬಂಧಿಸುವುದೆಂದು ಇನ್ಸ್‌ಪೆಕ್ಟರರು ಮುಖಕ್ಕೇ ಹೇಳಿದರು. ಆಕೆ ಒಂದೇ ಒಂದು ಕೋರಿಕೆ ಇಟ್ಟರು: ಆ ಟ್ರಾನ್ಸೀವರ್ ಮಾಡ್ಯೂಲುಗಳ ಮೆಮೊರಿ ಓದಲು ಬಿಡಿ.

ಬುಧವಾರ 10.00 ಗಂಟೆ. ಪಂಚರು ಹಾಜರಿದ್ದರು. ತಯಾರಕರ ಹೆಸರು, ಕ್ರಮಸಂಖ್ಯೆ, ತಾಳಬಲ್ಲ ಶಾಖ, ಇದೆಲ್ಲ ಮೆಮೊರಿಯ ಯಾವ ಪುಟದಲ್ಲಿ, ಅಂದರೆ ಯಾವ ಭಾಗದಲ್ಲಿ, ಇರಬೇಕೆಂದು ಮಾನದಂಡವೇ ಹೇಳುತ್ತದೆ. ಪರೀಕ್ಷೆಯಲ್ಲಿ ನಪಾಸಾಗಿ ಪುಡಿಯಾಗಬೇಕಿದ್ದ ಮಾಡ್ಯೂಲುಗಳಿಗೆ ಯಾರೋ ಪಾಸಾದವುಗಳ ವಿವರ ತುಂಬಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಮುಂದಿನ ಪುಟ ತೆರೆದ ಮುಖ್ಯಸ್ಥೆಯ ಕೈ ಅಲ್ಲೇ ನಿಂತಿತು.

“ಏನಾಯ್ತು?”

“ಈ ಪುಟ ಖಾಲಿ ಇರ್ಬೇಕಿತ್ತು. ಮಾನದಂಡದ ಕರಡಿನಲ್ಲಿತ್ತು, ಸಮಿತಿಯ ಕೊನೇ ಸಭೇಲಿ ತೆಗೆದ್ವಿ. ಅಸಲಿ ಮಾಲಲ್ಲಿ ಇದು ಇರೋದೇ ಇಲ್ಲ. ಸಾಮಾನ್ಯ ಕಳ್ಳನಿಗೆ ಇಂಥದ್ದೊಂದು ಇತ್ತು ಅನ್ನೋದೇ ಗೊತ್ತಿರಲ್ಲ.”

“ಈ ಪುಟ ಬರೆದೋರು ಯಾರು?”

ಮೀಸೆ ನೀರು ತಂದಿಟ್ಟ. ಲೋಟ ಮುಟ್ಟದೆ ಆಕೆ ಅಳತೊಡಗಿದರು. ಇಪ್ಪತ್ತು ವರ್ಷ ತಂದೆಯಂತೆ ಕಂಡವರನ್ನು ತನ್ನ ಬಾಯಿಂದಲೇ ತೋರಿಸಿಕೊಡುವುದಕ್ಕಿಂತ ಜೈಲೇ ಮೇಲು ಎಂದು ಆ ಕ್ಷಣ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

“ಭಾವ,” ಎಂದರು ಕೊನೆಗೆ.

ಮಧ್ಯಾಹ್ನ 2.10ಕ್ಕೆ ಭಾವನ ಕೆಲಸದ ಕೋಣೆಯ ಶೋಧನೆ ನಡೆಯಿತು. ಯಾವುದು ಎಲ್ಲಿದೆ ಎಂದು ತೋರಿಸಲು ಮುಖ್ಯಸ್ಥೆಯನ್ನೂ ಕರೆದೊಯ್ದಿದ್ದರು. ಮೆಮೊರಿ ಬರೆಯುವ ಪುಟ್ಟ ಯಂತ್ರ ಮೇಜಿನ ಮೇಲೇ ಇತ್ತು. ಯಾವ ಮಾಡ್ಯೂಲ್ ಇಟ್ಟರೂ ಅದು ತಾನಾಗಿಯೇ ಆ ಪುಟವನ್ನೂ ತುಂಬುತ್ತಿತ್ತು.

“ಮಾನದಂಡ ಬಂದು ಎರಡು ವರ್ಷ ಆಯ್ತು. ಆ ಪುಟ ಇನ್ನೂ ಯಾಕಿದೆ?” ಎಂದು ಇನ್ಸ್‌ಪೆಕ್ಟರರು ಕೇಳಿದರು.

“ಅಳಿಸೋಕೆ ಕೈ ಬರ್ಲಿಲ್ಲ,” ಎಂದರು ಭಾವ. “ನಕಲಿ ಹಿಡಿಯೋಕೇ ಅದನ್ನ ಬರೆದಿದ್ದು. ಆರು ವರ್ಷದ ಕೆಲಸ. ತೆಗೀಬೇಕು ಅಂತ ಮೊದಲು ಕೈ ಎತ್ತಿದ್ದು ಇವಳು.”

“ಹಳೇ ಸ್ವಿಚ್‌ಗಳು ಅದನ್ನ ಓದ್ತಿರ್ಲಿಲ್ಲ ಭಾವ. ಕಾರಣ ಹೇಳಿದ್ನಲ್ಲ.”

“ಸಭೇಲಿ ಹೇಳ್ದೆ. ಹಿಂದಿನ ದಿನ ನಮ್ಮನೇಲಿ ನನ್ ಪಕ್ಕದಲ್ಲೇ ಕೂತು ಊಟ ಮಾಡಿದೆಯಲ್ಲ, ಆಗ ಹೇಳ್ಲಿಲ್ಲ.”



“ಒಬ್ಬ ಮನುಷ್ಯ ಸತ್ತಿದ್ದಾನೆ,” ಎಂದರು ಇನ್ಸ್‌ಪೆಕ್ಟರ್.

“ತುರ್ತು ಕರೆ ಕೇಂದ್ರಕ್ಕೆ ಹೋಗ್ತವೆ ಅಂತ ಗೊತ್ತಿರ್ಲಿಲ್ಲ. ಇವಳ ಮೊಹರಿನ ಕೆಳಗೇ ನಕಲಿ ಸಿಕ್ಕರೆ ನನ್ನ ಪುಟ ಬೇಕಿತ್ತು ಅಂತ ಎಲ್ರೂ ಒಪ್ತಾರೆ ಅಂದ್ಕೊಂಡೆ.”

3.25ಕ್ಕೆ ಬಂಧಿಸಲಾಯಿತು. ಆರೋಪಿ ಯಾರಿಂದಲೂ ಒಂದು ಕಾಸು ಪಡೆದಿರಲಿಲ್ಲ. ಮನೆಯವಳೇ ತನ್ನನ್ನು ಪರರ ಮುಂದೆ ಬಿಟ್ಟುಕೊಟ್ಟಳೆಂಬ ನೋವೇ ಪ್ರೇರಣೆ ಎಂದು ಇನ್ಸ್‌ಪೆಕ್ಟರರು ಕೇಸ್ ಡೈರಿಯಲ್ಲಿ ಬರೆದರು. ನಿಯಮದಂತೆ, ಬಂಧನದ ವಿಷಯವನ್ನು ಯಾರಿಗೆ ತಿಳಿಸಬೇಕೆಂದು ಕೇಳಿದರು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಇದ್ದೊಬ್ಬ ತಮ್ಮನೂ ತೀರಿಹೋಗಿದ್ದ.

“ಇವಳಿಗೇ ತಿಳಿಸಿ,” ಎಂದರು ಭಾವ. “ನನಗೆ ಇನ್ಯಾರಿದ್ದಾರೆ?”